ಸ್ಪೀಕರ್-ಆಂಪ್ಲಿಫೈಯರ್ ಸಾಲಾವಳಿ ಮೀಮಾಂಸೆ

ಹೆಣ್ಣು-ಗಂಡಿನ ಜಾತಕ ನೋಡಲು ಊರಿಗೊಬ್ಬ ಜೋಯಿಸರಿದ್ದಾರೆ. ಸ್ಪೀಕರಿಗೂ ಆಂಪ್ಲಿಫೈಯರಿಗೂ ಸಾಲಾವಳಿ ನೋಡುವವರು ಮಾತ್ರ ಅಂಗಡಿಯ ಏಸಿ ಕೋಣೆಯಲ್ಲಿ ಕೂತಿರುತ್ತಾರೆ. ದಕ್ಷಿಣೆಯೂ ಅದಕ್ಕೆ ತಕ್ಕಂತೆ. ಈ ವಿದ್ಯೆಗೆ ಕನ್ನಡದಲ್ಲೊಂದು ಲಕ್ಷಣಗ್ರಂಥ ಬೇಕೆಂದು, ಎರಡು ಕಿವಿಗಳುಳ್ಳ (ಎಡಗಿವಿ ಸ್ವಲ್ಪ ಮಂದ) ಈ ಲೇಖಕ ಟೊಂಕ ಕಟ್ಟಿದ್ದಾನೆ.

ಮೊದಲು ಪ್ರಮಾಣವಿಚಾರ. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳು ಮೂರು. ನಮ್ಮ ಶಾಸ್ತ್ರದಲ್ಲಿ ಶಬ್ದಪ್ರಮಾಣವೇ ಹಿರಿದು. ಶಬ್ದವೆಂದರೆ ಸ್ಪೀಕರಿನಿಂದ ಹೊರಡುವುದೆಂದು ಬಾಲಬೋಧೆ ದಾಟದವರು ತಿಳಿಯುತ್ತಾರೆ. ಅಲ್ಲ, ಮಾರುವವನ ಬಾಯಿಂದ ಹೊರಡುವುದು. ಅವನು "ಮಿಡ್‌ರೇಂಜ್ ಕೇಳಿ ಸಾರ್, ಬೆಣ್ಣೆ" ಅಂದಮೇಲೆ ನಮಗೆ ಬೆಣ್ಣೆಯೇ ಕೇಳಿಸುತ್ತದೆ. ಬೆಲೆಚೀಟಿ ಕಂಡಮೇಲೆ ತುಪ್ಪ.

ಸಕಲ ಶಾಸ್ತ್ರಗಳಂತೆ ಇದೂ ಓಂಕಾರದಿಂದಲೇ ಶುರು. ಋಷಿ ಮಾತ್ರ ಜರ್ಮನಿಯ ಶಾಲಾ ಮೇಷ್ಟ್ರು ಗೇಯೋರ್ಗ್ ಓಮ್, ಸೂತ್ರ 1827ರದು. 8 ಓಮಿನ ಸ್ಪೀಕರಿಗೆ 8 ಓಮಿನ ಆಂಪ್ಲಿಫೈಯರೇ ಆಗಬೇಕು ಎಂಬುದು ಪೂರ್ವಪಕ್ಷ. ಆದರೆ ಆಂಪ್ಲಿಫೈಯರಿನ ಬೆನ್ನ ಮೇಲೆ ಬರೆದ 8 ಅದರ ಗೋತ್ರವಲ್ಲ, ಎಂಥ ಸಂಬಂಧ ಬಂದರೆ ಒಪ್ಪುತ್ತೇನೆಂಬ ಇಂಗಿತ. ಅದರ ಸ್ವಂತ ಒಳ-ಇಂಪೀಡೆನ್ಸು ಟ್ರಾನ್ಸಿಸ್ಟರ್ ಕುಲದಲ್ಲಿ ಸಾಮಾನ್ಯವಾಗಿ ಒಂದು ಓಮಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ಎರಡೂ ಸಮವಾದರೆ ಸಗೋತ್ರ: ಡ್ಯಾಂಪಿಂಗ್ ಫ್ಯಾಕ್ಟರ್ 1ಕ್ಕೆ ಇಳಿದು, ತಬಲಾದವರು ಡಗ್ಗಾದಿಂದ ಕೈ ತೆಗೆದಮೇಲೂ ಕೋನು ತೂಗುತ್ತಲೇ ಇರುತ್ತದೆ. ಹಿರಿಯರು ಸಗೋತ್ರ ಬೇಡವೆಂದದ್ದು ಇದಕ್ಕೇ ಇರಬೇಕು.

ಕುಜದೋಷದ ಪ್ರಕರಣಕ್ಕೆ 1980ರ ದಶಕದ ಅಮೆರಿಕಕ್ಕೆ ಹೋಗಬೇಕು. ಅಪೋಜೀ ಸಿಂಟಿಲ್ಲಾ ಎಂಬ ರಿಬ್ಬನ್ ಸ್ಪೀಕರ್. ಇಂಪೀಡೆನ್ಸು 1 ಓಮು. ಓಮು ಇಳಿದಷ್ಟೂ ಕರೆಂಟು ಏರಬೇಕಲ್ಲ? ಬಹುತೇಕ ಆಂಪ್ಲಿಫೈಯರುಗಳ ಪಾಲಿಗೆ ಇದು ಹೆಚ್ಚುಕಮ್ಮಿ ಶಾರ್ಟ್ ಸರ್ಕ್ಯೂಟೇ. ಹಸೆಮಣೆ ಇಳಿಯುವ ಮೊದಲೇ ವರನ ಫ್ಯೂಸು ಹೋಗುವ ಸಂಬಂಧ. ಕೊನೆಗೆ ಕೈಹಿಡಿದು ಬಾಳಿಸಿದವನು ಕ್ರೆಲ್ ಎಂಬ ಆಂಪ್ಲಿಫೈಯರ್. ಅವನೂ ಅಷ್ಟೇ ಉಗ್ರ, ಕ್ಲಾಸ್ ಎ ಕುಲದವನು, ಹಾಡಿದರೂ ಹಾಡದಿದ್ದರೂ ಮೈ ಕಾದೇ ಇರುವವನು. ಕುಜನಿಗೆ ಕುಜ ಪರಿಹಾರ.

ಇನ್ನು ಗುಣ ಎಣಿಸುವುದು. ಮದುವೆಗೆ 36ರಲ್ಲಿ 18 ಬಂದರೆ ಸಾಕು. ಇಲ್ಲಿ ಎಣಿಕೆ ಡೆಸಿಬೆಲ್ಲಿನಲ್ಲಿ. ಒಂದು ವಾಟು ಉಣಿಸಿ ಒಂದು ಮೀಟರ್ ದೂರದಲ್ಲಿ ಅಳೆದರೆ, ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗೆಂದು ರೂಪಿಸಿದ ಎಲ್‌ಎಸ್ 3/5ಎ ಎಂಬ ಒಂದಡಿ ಎತ್ತರದ ಕುಳ್ಳಿ ಸುಮಾರು 83 ಹಾಡುತ್ತಾಳೆ. ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಕಟ್ಟಿದ ಕ್ಲಿಪ್ಶ್‌ಹಾರ್ನ್ ಮನೆಯ ಮೂಲೆ ಹಿಡಿದು, ಗೋಡೆಗಳನ್ನೇ ಕಹಳೆಯ ಬಾಯಿ ಮಾಡಿಕೊಂಡು, 104ರ ಆಸುಪಾಸಿಗೆ ಏರುತ್ತಾಳೆ. ಅಂತರ 21 ಎಂದರೆ 21 ಪಟ್ಟಲ್ಲ. ಮೂರು ಡೆಸಿಬೆಲ್ಲಿಗೊಮ್ಮೆ ವಾಟು ಇಮ್ಮಡಿ. ಏಳು ಸಲ ಇಮ್ಮಡಿಸಿದರೆ 128. ಅಷ್ಟನ್ನು ಉಣಿಸಿದರೆ ಕುಳ್ಳಿ ಹಾಡುವುದಿರಲಿ, ಬದುಕುವುದೇ ಇಲ್ಲ. ಅತ್ತ 300ಬಿ ಎಂಬ ಒಂಟಿ ವಾಲ್ವಿನ, ಎಂಟು ವಾಟಿನ ಬಡ ವರ ಕ್ಲಿಪ್ಶ್‌ಹಾರ್ನಿನ ಮನೆಗೆ ಅಳಿಯನಾಗಿ ಹೋದರೆ ಮಹಾರಾಜ.

ಇಷ್ಟನ್ನು ಯಾರಾದರೂ ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿ ಹೇಳಬಲ್ಲರು. ಆದ್ದರಿಂದಲೇ ಇದು ಶಾಸ್ತ್ರವಲ್ಲ. ಶಾಸ್ತ್ರ ಶುರುವಾಗುವುದು ಲೆಕ್ಕ ಮುಗಿದಮೇಲೆ.

ನಾಸ್ತಿಕರು ಇಲ್ಲಿ ಬಾಬ್ ಕಾರ್ವರನ ಕಥೆ ತರುತ್ತಾರೆ. 1985ರಲ್ಲಿ ಆತ ಸ್ಟೀರಿಯೋಫೈಲ್ ಪತ್ರಿಕೆಯವರ ಸವಾಲಿಗೆ, ಹೋಟೆಲ್ ಕೋಣೆಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತು, ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ದುಬಾರಿ ವಾಲ್ವಿನದರಂತೆಯೇ ಕೇಳಿಸುವಂತೆ ತಿದ್ದಿದ. ವ್ಯತ್ಯಾಸ ಅವರ ಕಿವಿಗೆ ಸಿಗಲಿಲ್ಲ. ಜಾತಕ ತಿದ್ದಿದವನ ಸಾಕ್ಷಿ ನಮ್ಮಲ್ಲಿ ನಡೆಯುವುದಿಲ್ಲ.

ಸ್ವಂತ ಪ್ರಯೋಗವನ್ನೂ ದಾಖಲಿಸಬೇಕು. ಬೆಂಗಳೂರಿನ ಡಿಸೆಂಬರ್ ಚಳಿ; ಹಾಲಿನಲ್ಲಿ ಕುಳ್ಳಿ ಜೋಡಿ; ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಒಂದು ಕಡೆ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹೊಂದಿಸಿ ಮಾಡಿಸಿದ 30 ವಾಟಿನ ಹಳೇ ಡಬ್ಬ. ಇನ್ನೊಂದು ಕಡೆ ಗೆಳೆಯನಿಂದ ಎರವಲು ತಂದ ಕ್ಲಾಸ್ ಎ. ಎತ್ತಲು ಇಬ್ಬರು ಬೇಕು. ಕೂದಲೆಳೆ ಜೋರಾದದ್ದೂ ಕಿವಿಗೆ ಇಂಪೆನಿಸುವುದರಿಂದ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿದೆ. ಬೆಡ್‌ಶೀಟಿನ ಮರೆಯಲ್ಲಿ ಅದಲು ಬದಲು ಮಾಡಲು ಮಗನನ್ನು ಕೂರಿಸಿದೆ. ಹತ್ತರಲ್ಲಿ ಐದು ಸಲ ಸರಿ ಹೇಳಿದೆ. "ಕಾಸು ಚಿಮ್ಮಿದ್ರೂ ಅಷ್ಟೇ ಬರ್ತಿತ್ತು, ಅಪ್ಪ" ಅಂದ. ಅವನಿನ್ನೂ ಪಿಯುಸಿ, ಶಾಸ್ತ್ರಾಧಿಕಾರವಿಲ್ಲ.

ಅಮ್ಮನನ್ನು ಕೇಳಿದೆ. "ಎರಡ್ರಲ್ಲೂ ಹಾಡಿದ್ದು ಮನ್ಸೂರರೇ ಅಲ್ವೇನೋ?" ಅಂದಳು.

ಕಾದಷ್ಟೂ ಸ್ವರ ಪಕ್ವವಾಗುತ್ತದೆಂದು ಕ್ಲಾಸ್ ಎಯನ್ನು ರಾತ್ರಿಯಿಡೀ ಆರಿಸಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅದರ ಹೀಟ್‌ಸಿಂಕಿಗೆ ಒರಗಿಕೊಂಡು ದೋಸೆಹಿಟ್ಟಿನ ಪಾತ್ರೆ. ವಾರದಿಂದ ಉಬ್ಬದೆ ಮುನಿಸಿಕೊಂಡಿದ್ದ ಹಿಟ್ಟು ತಟ್ಟೆಯನ್ನು ಮೇಲೆತ್ತಿ ಇಣುಕುತ್ತಿತ್ತು. ಅಮ್ಮ ಸೌಟು ಹಿಡಿದು ಬಂದು, ಎರಡೂ ಆಂಪ್ಲಿಫೈಯರುಗಳನ್ನು ಒಮ್ಮೆ ನೋಡಿ ಅಂದಳು:

"ದೊಡ್ಡದನ್ನ ಈಗ್ಲೇ ವಾಪಸ್ ಕೊಡ್ಬೇಡ ಕಣೋ. ಸಂಕ್ರಾಂತಿ ಕಳೀಲಿ."