ಕ್ಲೈಮಮೀಮಾಂಸೆ (ಉತ್ತರ ಬೆಂಗಳೂರು ಪಾಠ)

ಶಾಸ್ತ್ರಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಅರವತ್ತು ದಾಟಿ, ಪಾಲಿಸಿ ನವೀಕರಣದ ಮೆಸೇಜು ಬಂದಾಗ ಕನ್ನಡಕ ಒರೆಸಿಕೊಂಡು ಸೊನ್ನೆಗಳನ್ನು ಮತ್ತೊಮ್ಮೆ ಎಣಿಸಿದವನು. ವಿಷಯವು ಆರೋಗ್ಯವಿಮೆಯ ಕಂತು. ಸಂಬಂಧವೆಂದರೆ ಆ ಕಂತಿಗೂ ಆರೋಗ್ಯಕ್ಕೂ ಇದೆಯೆಂದು ಹೇಳಲಾಗುವ ನಂಟು. ಪ್ರಯೋಜನವು ನಿಯಮ ಮತ್ತು ಷರತ್ತುಗಳಿಗೆ ಒಳಪಟ್ಟಿದೆ.

ಪಾಠಾಂತರಗಳನ್ನು ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಸಂಗ್ರಹಿಸಲಾಗಿದೆ. ಬಳ್ಳಾರಿ ರಸ್ತೆಯುದ್ದಕ್ಕೂ ಆಸ್ಪತ್ರೆಗಳು ಕಣ್ಣಿಗೆ ಹೊಡೆಯುವಂತೆ ಎದ್ದುನಿಂತಿರುವಾಗ ಬೇರೆ ಕ್ಷೇತ್ರಕಾರ್ಯ ಹುಡುಕುವುದು ವಿದ್ವತ್ತಿಗೆ ಶೋಭೆಯಲ್ಲ.

ಕಿತ್ತಯ್ಯನ ಕ್ಲೈಮು

ಈ ಪ್ರದೇಶದ ಅತಿ ಹಳೆಯ ಕ್ಲೈಮು ಕಲ್ಲಿನ ಮೇಲಿದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಿರಿಯದು ಎನ್ನುತ್ತಾರೆ. ರಟ್ಟವಾಡಿಯವರ ದಾಳಿಯಲ್ಲಿ ಕಾದಿ ಮಡಿದ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ ಕಲ್ಲು. ಲಿಪಿಜ್ಞರು ಅದನ್ನು ಓದಿ ಮುಗಿಸಿದ್ದಾರೆ. ವಿಮಾಜ್ಞರು ಓದಿದ್ದರೆ ಫೈಲು ಬೇರೆಯೇ ಹಾದಿ ಹಿಡಿಯುತ್ತಿತ್ತು. ಯುದ್ಧದಲ್ಲಾದ ಗಾಯಕ್ಕೆ ಪಾಲಿಸಿಯಲ್ಲಿ ಜಾಗವಿಲ್ಲ. ಮೃತನು ಇಪ್ಪತ್ನಾಲ್ಕು ಗಂಟೆ ಒಳರೋಗಿಯಾಗಿದ್ದನೆಂಬುದಕ್ಕೆ ದಾಖಲೆಯಿಲ್ಲ. ಡಿಸ್ಚಾರ್ಜ್ ಸಮರಿಯನ್ನು ಬಂಡೆಯ ಮೇಲೆ ಕೆತ್ತಿರುವುದರಿಂದ ಪೋರ್ಟಲ್ಲಿಗೆ ಅಪ್‌ಲೋಡ್ ಆಗುತ್ತಿಲ್ಲ. ಇನ್ನು ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಎರಡನೆಯ ಪಟ್ಟಿಕೆಯಲ್ಲಿ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ಚಿತ್ರವಿರುತ್ತದಷ್ಟೆ. ಅದು ಏರ್ ಆ್ಯಂಬುಲೆನ್ಸ್. ಅದಕ್ಕೆ ಪ್ರತ್ಯೇಕ ರೈಡರ್ ತೆಗೆದುಕೊಂಡಿರಬೇಕಾಗಿತ್ತು.

ಆ ಕಾಲದಲ್ಲಿ ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುವ ವಾಡಿಕೆಯಿತ್ತು. ಕಂತು ಕಟ್ಟಿಸಿಕೊಳ್ಳದೆ ಪರಿಹಾರ ಕೊಡುವ ಇಂಥ ಅಶಾಸ್ತ್ರೀಯ ಪದ್ಧತಿ ಇಂದು ಉಳಿದಿಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಪ್ರಮಾಣವಿಚಾರ

ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣ ಒಪ್ಪುತ್ತಾರೆ. ಪ್ರತ್ಯಕ್ಷವನ್ನು ಸ್ಕ್ಯಾನಿಂಗ್ ಸೆಂಟರಿನವರಿಗೆ ಬಿಟ್ಟುಬಿಡೋಣ, ಆರ್.ಟಿ. ನಗರದಲ್ಲಿ ಅದಕ್ಕೆ ಕೊರತೆಯಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಅಲ್ಲಾಳಸಂದ್ರ ಕೆರೆಯ ಸುತ್ತ ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ಏಜೆಂಟು, “ಅಂಕಲ್, ಎಲ್ಲಾ ಕವರ್ ಆಗುತ್ತೆ, ನೀವು ತಲೆ ಕೆಡಿಸ್ಕೋಬೇಡಿ” ಎನ್ನುತ್ತಾನೆ. ಈ ವಾಕ್ಯವು ಅಪೌರುಷೇಯ, ಏಕೆಂದರೆ ಕ್ಲೈಮಿನ ದಿನ ಅದನ್ನು ನುಡಿದ ಪುರುಷನು ಯಾರೆಂದು ಪತ್ತೆಯಾಗುವುದಿಲ್ಲ.

ಅನುಮಾನವೇ ಈ ಶಾಸ್ತ್ರದ ಕಿರೀಟ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ಊಹಿಸುವುದು ಹಳೆಯ ತರ್ಕ. ಟಿಪಿಎ, ಅಂದರೆ ವಿಮೆಯವರ ಪರವಾಗಿ ಕ್ಲೈಮು ಪರಿಶೀಲಿಸುವ ಮಧ್ಯವರ್ತಿಗಳು, ಎಂಬ ನವ್ಯ ನೈಯಾಯಿಕರು ಇನ್ನೂ ಹಿಂದಕ್ಕೆ ಹೋಗುತ್ತಾರೆ: ಇಂದು ಬೆಂಕಿಯಿದ್ದರೆ, ಪಾಲಿಸಿ ಮಾಡಿಸುವ ಮೊದಲೇ ಹೊಗೆಯಿತ್ತು, ರೋಗಿಯು ಅದನ್ನು ಪ್ರಪೋಸಲ್ ಫಾರ್ಮಿನಲ್ಲಿ ಬರೆಯದೆ ಮುಚ್ಚಿಟ್ಟ. ಈ ಊಹೆಗೆ ಕಡಿವಾಣ ಹಾಕಲು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಲ್ಲಿ ಹಳೆಯ ರೋಗಗಳ ಗರಿಷ್ಠ ಕಾಯುವ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಐದು ವರ್ಷ ಸತತವಾಗಿ ಕಂತು ಕಟ್ಟಿದವನ ಪೂರ್ವಾಶ್ರಮವನ್ನು, ವಂಚನೆಯೊಂದನ್ನು ಬಿಟ್ಟು, ಕೆದಕಬಾರದೆಂದೂ ವಿಧಿಸಿತು. ಮೊದಲು ಇದು ಎಂಟು ವರ್ಷವಿತ್ತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂಬುದು ಅದೇ ವರ್ಷದ ಇನ್ನೊಂದು ವಿಧಿ. ಆದರೆ “ಕ್ವೆರಿ ಬಂದಿದೆ ಮೇಡಂ, ಮೇಲ್ ಹಾಕಿದೀವಿ” ಎಂದು ಇನ್ಶೂರೆನ್ಸ್ ಡೆಸ್ಕಿನ ಹುಡುಗ ಹೇಳಿದೊಡನೆ ಕಾಲವು ಹೆಬ್ಬಾಳದ ಮೇಲ್ಸೇತುವೆಯ ಸಂಜೆ ಆರು ಗಂಟೆಯ ಗತಿಗೆ ಬರುತ್ತದೆ.

ಉಪಮಾನಕ್ಕೆ ಸ್ಥಳಾಭಾವ.

ಅಪೆಂಡಿಕ್ಸಿನ ವರ್ಗಭೇದ

ಐದು ಲಕ್ಷದ ಪಾಲಿಸಿ, ಕೋಣೆಬಾಡಿಗೆಗೆ ದಿನಕ್ಕೆ ಶೇಕಡ ಒಂದರ ಮಿತಿ, ಅಂದರೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಮಗ ಬೆಂಗಳೂರಿನ ಮರ್ಯಾದೆಗೆಂದು ತಂದೆಯನ್ನು 8,000ದ ಕೋಣೆಯಲ್ಲಿ ಮಲಗಿಸಿದ. ದಿನಕ್ಕೆ ಮೂರು ಸಾವಿರ ಕೈಯಿಂದ ಕೊಟ್ಟರಾಯಿತು ಎಂಬುದು ಮಂದಮತಿಗಳ ಮತ. ಸಿದ್ಧಾಂತ ಹಾಗಿಲ್ಲ. ಎಂಟರಲ್ಲಿ ಐದು ಪಾಲು ಎಂಬ ಲೆಕ್ಕವು ಕೋಣೆಯಿಂದ ಹೊರಟು ಆಪರೇಷನ್ ಥಿಯೇಟರಿಗೆ ಹೋಗುತ್ತದೆ, ಸರ್ಜನ್ ಫೀಸನ್ನು ಮುಟ್ಟುತ್ತದೆ, ನರ್ಸಿಂಗ್ ಶುಲ್ಕವನ್ನು ಸವರುತ್ತದೆ. ಇವೆಲ್ಲ ಸೇರಿ 1,60,000 ಆಗಿದ್ದರೆ ಕಂಪನಿಯ ಪಾಲು ಒಂದು ಲಕ್ಷ, ಮಗನ ಪಾಲು ಅರವತ್ತು ಸಾವಿರ. ಔಷಧ, ಇಂಪ್ಲಾಂಟ್, ತಪಾಸಣೆಗಳನ್ನು ನಿಯಂತ್ರಕರು ಈ ಕತ್ತರಿಯಿಂದ ತಪ್ಪಿಸಿದ್ದಾರೆಂಬುದು ಸಮಾಧಾನ.

ಇಲ್ಲಿ ವಿಮೆಯವರನ್ನಷ್ಟೇ ಬೈದು ಮುಗಿಸುವುದು ಅಪಕ್ವ ವಿಮರ್ಶೆಯಾದೀತು. ಕೋಣೆ ದೊಡ್ಡದಾದಂತೆ ಶಸ್ತ್ರಚಿಕಿತ್ಸೆಯ ಶುಲ್ಕವೂ ಏರುವ ಪಟ್ಟಿಯನ್ನು ಬರೆದವರು ಆಸ್ಪತ್ರೆಯವರು. ಜನರಲ್ ವಾರ್ಡಿನ ಅಪೆಂಡಿಕ್ಸಿಗೂ ಡೀಲಕ್ಸ್ ಕೋಣೆಯ ಅಪೆಂಡಿಕ್ಸಿಗೂ ಥಿಯೇಟರು ಒಂದೇ, ದೀಪ ಒಂದೇ, ಅರಿವಳಿಕೆಯೂ ಒಂದೇ. ಆದರೂ ತನ್ನ ಕೆಳಗೆ ಮಲಗಿರುವವನು ಯಾವ ಮಹಡಿಯಿಂದ ಬಂದನೆಂದು ಕತ್ತಿಗೆ ತಿಳಿದಿರುತ್ತದೆ.

ಕಂತು ಏರುವುದು ಯಾಕೆಂಬ ಪ್ರಶ್ನೆಗೆ ಭಾಷ್ಯಕಾರರು ವಯಸ್ಸು, ಹಣದುಬ್ಬರ, ಕೋವಿಡ್ ಎಂದು ಹಲವು ಉತ್ತರ ಕೊಟ್ಟಿದ್ದಾರೆ. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸುವುದಿದ್ದರೆ ಮೊದಲು ತನ್ನನ್ನು ಕೇಳಬೇಕೆಂದು ಪ್ರಾಧಿಕಾರ ಹೇಳಿತು. ಇದು ಮಿತಿಯೋ ಗುರಿಯೋ ಎಂಬ ವಾದ ಯಲಹಂಕದ ಪಾರ್ಕ್ ಬೆಂಚುಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇಕಡ 18ರ ಜಿಎಸ್‌ಟಿ ಸೊನ್ನೆಯಾಯಿತು. ತೆರಿಗೆ ಹೋದದ್ದು ನಿಜ. ತೆರಿಗೆಯ ಕೆಳಗಿದ್ದ ಅಸಲು ಅದರಿಂದ ಕರಗುವುದಿಲ್ಲ.

ರಾಜಧರ್ಮ

ಸರ್ಕಾರ ಏನೂ ಮಾಡಿಲ್ಲ ಎಂಬ ಪೂರ್ವಪಕ್ಷವನ್ನು ಕಾರ್ಡುಗಳೇ ಖಂಡಿಸುತ್ತವೆ. 2003ರ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದಕ್ಕೆ ಆಯುಷ್ಮಾನ್ ಭಾರತದ ಜೋಡಣೆ. ಯಶಸ್ವಿನಿಯಂತೂ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ 2022ರಲ್ಲಿ ಪುನರ್ಜನ್ಮ ತಳೆಯಿತು. ಯೋಜನೆಗಳಿಗೆ ಆತ್ಮವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲನ ಬಳಿ ಬಿಪಿಎಲ್ ಕಾರ್ಡಿದ್ದರೆ, ಆಯುಷ್ಮಾನ್ ಜೋಡಿಸಿದ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದೆಂದು ರೆಫರಲ್ ಚೀಟಿ ಪಡೆದು, ಆಮೇಲೆ ಖಾಸಗಿಗೆ. ತುರ್ತು ಯಾವುದೆಂದು ಹೇಳಲು ಪಟ್ಟಿಯಿದೆ. ರೋಗವು ಅದನ್ನು ಓದಿಕೊಂಡು ಬರಬೇಕು.

ಇನ್ನು ದರ. ಈ ಮೀಮಾಂಸಕನ ಸ್ವಂತ ಮತ ಇಲ್ಲಿದೆ, ಅಣಕನ್ನು ಒಂದು ಕ್ಷಣ ಬದಿಗಿಟ್ಟು. ಯಶಸ್ವಿನಿಯ ಮೊದಲ ಕಂತು ತಿಂಗಳಿಗೆ ಐದು ರೂಪಾಯಿ. ಸರ್ಕಾರದ ಸಹಾಯಧನವಿತ್ತು, ಶಸ್ತ್ರಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತಿತ್ತು, ಮೊದಲ ವರ್ಷವೇ ಸುಮಾರು 16 ಲಕ್ಷ ಸಹಕಾರ ಸಂಘಗಳ ಸದಸ್ಯರು ಸೇರಿದ್ದರು, ಎಲ್ಲ ಸರಿ. ಆದರೆ ಇಂಥ ಶಸ್ತ್ರಚಿಕಿತ್ಸೆಗೆ ಇಷ್ಟೇ ಎಂದು ಆಸ್ಪತ್ರೆಗಳೊಡನೆ ಮೊದಲೇ ಗೊತ್ತುಮಾಡಿಕೊಂಡಿದ್ದರಿಂದಲೇ ಐದು ರೂಪಾಯಿ ಸಾಧ್ಯವಾಯಿತು. ದರ ಮೊದಲು, ಕಂತು ಆಮೇಲೆ. ನಮ್ಮ ಪಾಲಿಸಿಗಳಲ್ಲಿ ಇದು ತಲೆಕೆಳಗಾಗಿದೆ.

ಆ ತಲೆಯನ್ನು ನೇರ ಮಾಡಲು ಒಮ್ಮೆ ಯತ್ನ ನಡೆಯಿತು. 2017ರಲ್ಲಿ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ಗೊತ್ತುಪಡಿಸಲು ಹೊರಟರು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರಾಜ್ಯದ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು, ಆಗ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ಮಸೂದೆ ಅಂಗೀಕಾರವಾಗುವ ಹೊತ್ತಿಗೆ ದರನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಉಳಿಯಿತು. ಅಂದಿನಿಂದ ಸ್ಥಿತಿ ಸ್ಥಿರವಾಗಿದೆ: ದರ ಕಟ್ಟಿದ ಕಡೆ ಆಸ್ಪತ್ರೆ ಮೂಗು ಮುರಿಯುತ್ತದೆ, ಕಟ್ಟದ ಕಡೆ ರೋಗಿಯ ಬೆನ್ನು ಮುರಿಯುತ್ತದೆ.

ಫಲಶ್ರುತಿ

ಈ ಪ್ರಕರಣವನ್ನು ಭಕ್ತಿಯಿಂದ ಓದಿದವರಿಗೆ ಒದಗುವ ಪುಣ್ಯವು ಓದಿದ ಮೊದಲ ಮೂವತ್ತು ದಿನ ಜಾರಿಗೆ ಬರುವುದಿಲ್ಲ. ಓದುವ ಮೊದಲೇ ಈ ವಿಷಯದಲ್ಲಿ ಸಿಟ್ಟಿದ್ದವರು ಮೂವತ್ತಾರು ತಿಂಗಳು ಕಾಯತಕ್ಕದ್ದು. ಅಪಘಾತವಶಾತ್ ಓದಿದವರಿಗೆ ಮಾತ್ರ ಫಲವು ಅಂದೇ, ಐದರಲ್ಲಿ ಒಂದು ಪಾಲನ್ನು ಅವರೇ ಭರಿಸುವ ಷರತ್ತಿನೊಡನೆ.