ಮೋಡೆಮ್ ಮೀಮಾಂಸೆ: ಘಟಪ್ರಭಾ ಕೊಳ್ಳದ ಮೂರು ಪಂಥಗಳು

ಮೋಡೆಮ್ ಎಂಬ ಶಬ್ದದ ವ್ಯುತ್ಪತ್ತಿಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಕೂಡಿ ಆದ ಸಮಾಸವೆಂದು ಪರದೇಶದ ಕೋಶಕಾರರ ಮತ. ಪ್ರಸ್ತುತ ಪ್ರಬಂಧಕಾರನಿಗೆ ಇದು ಒಪ್ಪಿಗೆಯಿಲ್ಲ. ಮೋಡ, ಎಮ್ಮೆ ಸೇರಿ ಮೋಡೆಮ್ಮೆ, ಅಂತ್ಯಲೋಪದಿಂದ ಮೋಡೆಮ್. ಮೋಡ ಕವಿದರೆ ಲೈನು ಹೋಗುತ್ತದೆ, ಉಳಿದ ವೇಳೆ ಎಷ್ಟು ಬೈದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಅರ್ಥ, ಧ್ವನಿ ಎರಡೂ ಇಷ್ಟು ಚೆಂದ ಕೂಡುವ ನಿಷ್ಪತ್ತಿ ಭಾಷಾಶಾಸ್ತ್ರದಲ್ಲಿ ಅಪರೂಪ.

ಇನ್ನು ಗಣಕ. ಕಾಕಾನ ಗೊಬ್ಬರದಂಗಡಿಯ 256 ಎಂಬಿ ಯಂತ್ರ ಬೇರೆ ಯಾವ ವ್ಯವಸ್ಥೆಯನ್ನೂ ಹೊರಲಾರದೆ ಮೊಣಕಾಲೂರಿತ್ತು. ಅದಕ್ಕೆ ಪಪ್ಪಿ ಲಿನಕ್ಸ್ ಹಾಕಿದೆವು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದ ಈ ನಾಯಿಮರಿ ಆಗ ನೂರು ಎಂಬಿ ಆಸುಪಾಸಿನಲ್ಲಿ ಸೀಡಿಯ ಮೂಲೆಗೆ ಮುದುಡಿ ಮಲಗುತ್ತಿತ್ತು. ಎದ್ದರೆ ಇಡಿಯಾಗಿ ರ‍್ಯಾಮಿಗೇ ಬಂದು ಕೂಡುತ್ತದೆ. ಮೊದಲ ಸಲ ಪರದೆ ತೆರೆದಾಗ ಬೊಗಳುತ್ತದೆ. ಇದು ಉತ್ಪ್ರೇಕ್ಷಾಲಂಕಾರವಲ್ಲ, ಸ್ಪೀಕರಿನಿಂದ ಬಂದ ಬೊಗಳಿಕೆ. ಓಣಿಯ ನಾಯಿ ಹೊರಗಿಂದ ಉತ್ತರ ಕೊಟ್ಟಿತು.

“ಏ ತಮ್ಮಾ, ಮೊದಲ ಇದನ್ನ ಕಟ್ಟಿ ಹಾಕೋ,” ಅಂದ ಕಾಕಾ.

ಕಟ್ಟಲು ಹಗ್ಗ ಎರಡು. ಮೋಡೆಮಿನ ಬೆನ್ನಿಗಿದ್ದ ಯುಎಸ್‌ಬಿ ತೂತಿಗೆ ಬೇಕಾದ ಡ್ರೈವರ್ ವಿಂಡೋಸಿಗೆಂದೇ ಕೊಟ್ಟ ಸೀಡಿಯಲ್ಲಿತ್ತು. ಮರಿ ಮೂಸಿ ನೋಡಿ ಮುಖ ತಿರುವಿತು. ಈಥರ್ನೆಟ್ ಕೇಬಲ್ಲಾದರೋ ಟಕ್ಕೆಂದು ಕೂತಿತು, ಹಸಿರು ದೀಪ ಹತ್ತಿತು. ಫೋನಿನ ಒಂದೇ ತಾಮ್ರದ ತಂತಿಯಲ್ಲಿ 4 ಕಿಲೋಹರ್ಟ್ಝ್ ತನಕ ಮಾತು, ಅದರ ಮೇಲೆ ಮಾಹಿತಿ. ಎರಡರ ನಡುವೆ ಬದು ಹಾಕಲು ಒಂದು ಸಣ್ಣ ಫಿಲ್ಟರ್ ಡಬ್ಬಿಯಿರುತ್ತದೆ. ಅದರ ವಿಚಾರ ಮುಂದೆ.

ಮೂಲ ಪ್ರಶ್ನೆ ಬೇರೆಯೇ: ತೂಬು ಎತ್ತುವವರು ಯಾರು? ಹೆಸರು, ಪಾಸ್‌ವರ್ಡು ಒಪ್ಪಿಸಿ ನೀರು ಬಿಡಿಸಿಕೊಳ್ಳುವ ಹಕ್ಕು ಮೋಡೆಮಿನದೋ, ಗಣಕದ್ದೋ?

ಗೋಕಾಕ ಪಂಥಕ್ಕೆ ಈ ಪ್ರಶ್ನೆಯೇ ಅಸಂಗತ. ಜಲಪಾತದ ನೀರಿನಿಂದ 1887ರಲ್ಲೇ ಕರೆಂಟು ತೆಗೆದ ಊರದು; ಕರೆಂಟೇ ಪರಬ್ರಹ್ಮ. ಸ್ವಿಚ್ ಬಂದ್ ಮಾಡು, ಒಂದು ತುಂಡು ಕರದಂಟು ಅಗಿದು ಮುಗಿಸು, ಮತ್ತೆ ಹಚ್ಚು. ಅಂಟು ಹಲ್ಲಿಗೆ ಹತ್ತಿದರೆ ಇನ್ನೊಂದು ನಿಮಿಷ ತಾಳು. ಇದರಲ್ಲಿ ಶಾಸ್ತ್ರವೇನೂ ಇಲ್ಲ. ಬಹಳ ಸಲ ಕೆಲಸ ಮಾಡುತ್ತದೆ ಎಂಬುದೇ ಶಾಸ್ತ್ರಜ್ಞರ ಹೊಟ್ಟೆಯುರಿ.

ಮೂಡಲಗಿ ಪಂಥ ಸ್ವಾತಂತ್ರ್ಯವಾದಿ. ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದವರು ಮೋಡೆಮಿನ ಹಂಗಿನಲ್ಲಿ ಇರುತ್ತಾರೆಯೇ? ಮೋಡೆಮ್ ಬರೀ ಸೇತುವೆ, ಡಯಲ್ ಮಾಡುವುದು ಗಣಕ. ಪಪ್ಪಿಯಲ್ಲಿ ಇದಕ್ಕಿರುವ ಉಪಕರಣದ ಹೆಸರು ರೋರಿಂಗ್ ಪೆಂಗ್ವಿನ್. ನಾಯಿಮರಿಯ ಹೊಟ್ಟೆಯೊಳಗೆ ಗರ್ಜಿಸುವ ಹಕ್ಕಿ! ಪುರಾಣಕಾರರಿಗೂ ಹೊಳೆದಿರಲಿಲ್ಲ. ಈ ಮಾರ್ಗದಲ್ಲಿ 1500 ಬೈಟಿನ ಚೀಲದಲ್ಲಿ 8 ಬೈಟು ಹಮಾಲಿಗೆ ಹೋಗಿ 1492 ಉಳಿಯುತ್ತದೆ. ಎಪಿಎಂಸಿ ಕಂಡವರಿಗೆ ಭಾಷ್ಯ ಬೇಡ.

ಹುಕ್ಕೇರಿ ಪಂಥದ್ದು ಸಹಕಾರ ತತ್ವ. 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿಗಳಿಗೆ ಕರೆಂಟು ಹಂಚಿದ ತಾಲ್ಲೂಕು. ಮೋಡೆಮೇ ಡಯಲ್ ಮಾಡಲಿ, ಮನೆಯ ಯಂತ್ರಗಳಿಗೆಲ್ಲ ಪಾಳಿ ಹಚ್ಚಿ ನಂಬರು ಹಂಚಲಿ. ಈ ನೀರಗಂಟಿಯ ಹೆಸರು ಡಿಎಚ್‌ಸಿಪಿ. ಕೊಡುವ ನಂಬರು ಸ್ವಂತದ್ದಲ್ಲ, ಲಾವಣಿಗೆ. ಅವಧಿ ತೀರಿದರೆ ಮತ್ತೆ ಕೇಳಬೇಕು. ಪ್ರಬಂಧಕಾರ ಈ ಪಕ್ಷವನ್ನೇ ಸಿದ್ಧಾಂತವೆಂದು ಹಿಡಿಯುತ್ತಾನೆ, ಭೂಗೋಳದ ಆಧಾರದಿಂದ: ಘಟಪ್ರಭೆಯನ್ನು ತಡೆದು ನಿಲ್ಲಿಸುವುದು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು, ಗೋಕಾಕಿಗೆ ಬರುವುದು ಆಮೇಲೆ. ತೂಬು ಮೇಲಿನವರ ಕೈಯಲ್ಲೇ ಇರಬೇಕು.

ಕಪ್ಪು ಕಿಟಕಿ ತೆರೆದು ‘ಡಿಎಚ್‌ಸಿಪಿಸಿಡಿ ಇಥ್‌ಝೀರೊ’ ಎಂದು ಬಡಿದೆ. ಮೌನ. ಕರದಂಟು ತಿಂದು ಮತ್ತೆ ಬಡಿದೆ. 192.168.1.2 ಎಂಬ ಪಾಳಿ ಸಿಕ್ಕಿತು.

“ನಮ್ಮ ಧಬಧಬಿ ತೋರಸು ನೋಡೂಣು,” ಅಂದ ಕಾಕಾ, ಕುರ್ಚಿ ಎಳೆದುಕೊಂಡು. ಚಿತ್ರ ಮೇಲಿಂದ ಗೆರೆ ಗೆರೆಯಾಗಿ ಇಳಿಯತೊಡಗಿತು: ಆಕಾಶ, ಬಂಡೆಯ ಅಂಚು, ಕೆಂಪು ನೀರು. 170 ಅಡಿಯಲ್ಲಿ ಅರ್ಧ ಬಿದ್ದಿರಬೇಕು, ಫೋನು ಬಡಿದುಕೊಂಡಿತು. ದೀಪ ಆರಿತು, ನೀರು ನಡುಗಾಳಿಯಲ್ಲೇ ನಿಂತಿತು. ಹುಕ್ಕೇರಿಯಿಂದ ಸೋದರಮಾವ: “ನೆಟ್ ಬಂತೇನು?”

ಫಿಲ್ಟರ್ ಡಬ್ಬಿ ನನ್ನ ಅಂಗಿಯ ಕಿಸೆಯಲ್ಲಿತ್ತು.