ಬೆಟ್ಟೆ ರೇಟ್ ಎಷ್ಟಾತು?

ನೆಂಟರ ಮದುವೆಗೆ ಹೋದರೆ ನನ್ನ ಊಟ ಯಾವತ್ತೂ ಕೊನೇ ಪಂಕ್ತಿಯಲ್ಲಿ. ಅದಕ್ಕೂ ಮುಂಚಿನ ಪಂಕ್ತಿಗಳು ಎದ್ದು ಹೋಗುವ ತನಕ ಕಲ್ಯಾಣಮಂಟಪದ ಯಾವುದಾದರೊಂದು ಪ್ಲಗ್ ಪಾಯಿಂಟಿನ ಪಕ್ಕ ಕುರ್ಚಿ ಎಳೆದುಕೊಂಡು ಯಾರದೋ ಫೋನಿನ ಚಿಕಿತ್ಸೆಯಲ್ಲಿರುತ್ತೇನೆ. ಕಂಪ್ಯೂಟರಿನವನು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಮುಗಿಯಿತು, ಅದು ಬಿಡುವುದಲ್ಲ. “ಇದೊಂದು ನೋಡೋ, ಜಾಗ ಇಲ್ಲ ಅಂತ ಬೆಳಗ್ಗೆಯಿಂದ ಬಡ್ಕೋತಿದೆ” ಎಂದು ಸೋದರತ್ತೆ ಫೋನು ಕೈಗಿತ್ತು ಮುಹೂರ್ತಕ್ಕೆ ಓಡುತ್ತಾರೆ. ಲಾಕ್ ತೆಗೆಯುವ ಪಿನ್ನನ್ನು ಮಂಟಪದಿಂದಲೇ, ವಾದ್ಯವನ್ನೂ ಮೀರಿಸಿ ಕೂಗಿ ಹೇಳುತ್ತಾರೆ. ಅದು ಅವರು ಹುಟ್ಟಿದ ಇಸವಿ. ಅವರು ಇಷ್ಟು ವರ್ಷ ಹೇಳಿಕೊಂಡು ಬಂದ ವಯಸ್ಸಿಗೂ ಅದಕ್ಕೂ ತಾಳೆಯಾಗುವುದಿಲ್ಲ ಎಂಬ ಸಂಗತಿ ಎರಡೂ ಕಡೆಯ ಬೀಗರಿಗೆ ಒಟ್ಟಿಗೇ ತಿಳಿಯುತ್ತದೆ.

ಹೀಗೆ ಪರರ ಫೋನುಗಳ ಒಳಗೆ ಓಡಾಡಿ ನಾನು ಕಂಡದ್ದು ಬಹಳ. ದಿನಕ್ಕೊಂದರಂತೆ ಬಂದು ರಾಶಿ ಬಿದ್ದ ಗುಡ್ ಮಾರ್ನಿಂಗ್ ಗುಲಾಬಿಗಳು, ಒಂದೇ ಆಮಂತ್ರಣಪತ್ರಿಕೆಯ ಅಷ್ಟೂ ಪ್ರತಿಗಳು, ಜೇಬಿನೊಳಗೆ ತಾನೇ ತೆಗೆದುಕೊಂಡ ಕತ್ತಲೆಯ ಫೋಟೋಗಳು. ಇವೆಲ್ಲ ನಿರುಪದ್ರವಿಗಳು. ಇವುಗಳ ಹಿಂದೆ ಒಂದು ಟಾರ್ಚ್ ಆ್ಯಪ್ ಅಡಗಿರುತ್ತದೆ. ಫೋನಿನಲ್ಲೇ ಟಾರ್ಚ್ ಬಂದು ಎಷ್ಟೋ ಕಾಲವಾದರೂ ಅದು ಹಳೇ ಫೋನಿನಿಂದ ಹೊಸದಕ್ಕೆ ವಲಸೆ ಬಂದು ಕೂತಿರುತ್ತದೆ. ಅದಕ್ಕೆ ಲೊಕೇಶನ್ ಬೇಕು, ಕಾಂಟ್ಯಾಕ್ಟ್ಸ್ ಬೇಕು. ಬೆಳಕು ಬಿಡುವುದಕ್ಕೆ ಅತ್ತೆಯ ನೆಂಟರ ಪಟ್ಟಿ ಏಕೆ? 2013ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಒಂದು ಟಾರ್ಚ್ ಆ್ಯಪಿನ ಕಿವಿ ಹಿಂಡಿತ್ತು. ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗಿದ್ದ ಆ ಆ್ಯಪು ತನ್ನನ್ನು ಬಳಸುವವರು ಎಲ್ಲಿದ್ದಾರೆಂಬುದನ್ನು ಸದ್ದಿಲ್ಲದೆ ಜಾಹೀರಾತಿನವರಿಗೆ ದಾಟಿಸುತ್ತಿತ್ತು. 2015ರ ಆಂಡ್ರಾಯ್ಡ್ 6ರಿಂದ ಆ್ಯಪುಗಳು ಒಂದೊಂದಕ್ಕೂ ಆಯಾ ಹೊತ್ತಿಗೆ ಅನುಮತಿ ಕೇಳಬೇಕಾಯಿತು. ನಮ್ಮವರು ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿದರು. ಬಾಗಿಲಿಗೆ ಬಂದು ಬೇಡಿದವರಿಗೆ ಇಲ್ಲ ಅನ್ನಬಾರದೆಂದು ಕಲಿತು ಬೆಳೆದ ಜನ, ಇನ್ನೇನು ಮಾಡಿಯಾರು!

ಈಚೆಗೆ ಕಾಟ ಮದುವೆಗೇ ಬಂದು ಸೇರಿಕೊಂಡಿದೆ. ಆಮಂತ್ರಣಪತ್ರಿಕೆಯ ವೇಷದಲ್ಲಿ ವಾಟ್ಸ್‌ಆ್ಯಪಿಗೆ ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಪತ್ರಿಕೆ ತೆರೆಯುವ ಬದಲು ಆ್ಯಪು ಇನ್‌ಸ್ಟಾಲ್ ಆಗುತ್ತದೆ. ಅದಕ್ಕೆ ಬೇಕಾದದ್ದು ಎಸ್‌ಎಂಎಸ್ ಓದುವ ಅನುಮತಿ ಒಂದೇ, ಏಕೆಂದರೆ ಬ್ಯಾಂಕಿನ ಓಟಿಪಿ ಬರುವುದು ಅಲ್ಲಿಗೇ. ಯಾರ ಮದುವೆಯೆಂದೇ ಗೊತ್ತಿಲ್ಲದೆ ಮುಯ್ಯಿ ಮಾಡಿ ಬಂದ ಹಾಗಾಗುತ್ತದೆ. ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ನಾನೂ ಎಚ್ಚರಿಸುತ್ತೇನೆ, ಎಲೆ ಹಾಸುವವರು ಕರೆಯುವ ತನಕ.

ಊರಿಗೆಲ್ಲ ಬುದ್ಧಿ ಹೇಳುವವನ ಮನೆ ಹೇಗಿದೆಯೋ ಎನ್ನುವಿರಾ? ಕೋಟೆ ಕಟ್ಟಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಹಳೆಯ ಥಿಂಕ್‌ಪ್ಯಾಡು, ಅದರಲ್ಲಿ ಡೆಬಿಯನ್ ಲಿನಕ್ಸು. ದೇವರಕೋಣೆಯ ಪಕ್ಕದ ಗೂಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು. ಅದಕ್ಕೆ ಒಂದೇ ಕೆಲಸ. ಮನೆಯ ಫೋನಾಗಲಿ ಟಿ.ವಿ.ಯಾಗಲಿ ಇಂಟರ್‌ನೆಟ್ಟಿನಲ್ಲಿ ಯಾರ ವಿಳಾಸ ವಿಚಾರಿಸಿದರೂ, ಅದು ಜಾಹೀರಾತಿನವರದ್ದಾಗಿದ್ದರೆ ‘ಅಂಥವರು ಯಾರೂ ಇಲ್ಲ’ ಎಂದು ಹೇಳಿ ಸಾಗಹಾಕುವುದು. ಅದನ್ನು ಕೂರಿಸಿದ ಮೇಲೆ ತಿಳಿಯಿತು, ನಮ್ಮ ಮನೆಯಲ್ಲಿ ಅತಿ ಹೆಚ್ಚು ಮಾತಾಡುವುದು ನಾನೂ ಅಲ್ಲ, ನನ್ನ ಹೆಂಡತಿಯೂ ಅಲ್ಲ, ಟಿ.ವಿ. ನಾವೆಲ್ಲ ಅದನ್ನು ಆರಿಸಿ ಮಲಗಿದ ಮೇಲೂ ಅದು ನಡುರಾತ್ರಿಯಲ್ಲಿ ಯಾರನ್ನೋ ವಿಚಾರಿಸುತ್ತಿರುತ್ತದೆ. ಕೋಟೆಯ ತೊಂದರೆಯೆಂದರೆ ಕೂಪನ್ನಿನ ಲಿಂಕುಗಳೂ ತೆರೆಯುವುದಿಲ್ಲ. “ನಿಮ್ಮ ವೈಫೈನಲ್ಲಿ ಬರಲ್ಲ ರೀ” ಎಂದು ನನ್ನಾಕೆ ಮೊಬೈಲ್ ಡೇಟಾ ಹಾಕಿಕೊಳ್ಳುತ್ತಾಳೆ. ನಡೆಯುವಾಗ ಅದು ಮನೆಯ ವೈಫೈ, ನಿಂತಾಗ ನನ್ನದು.

ಥಿಂಕ್‌ಪ್ಯಾಡಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದೇನೆ. ಕದ್ದವನಿಗೂ ಒಳಗಿನದು ದಕ್ಕುವುದಿಲ್ಲ. ಒಳಗೆ ಅಂಥದೇನಿದೆ ಎಂದು ಕೇಳಿದರೆ ಸ್ವಲ್ಪ ಕಷ್ಟ: ಕರೆಂಟ್ ಬಿಲ್ಲುಗಳು, ಮಗಳ ಅಂಕಪಟ್ಟಿ, ಅಮ್ಮನ ಸಾರಿನಪುಡಿಯ ಅಳತೆ. ಆದರೆ ಎಲ್ಲಕ್ಕಿಂತ ಭದ್ರವಾಗಿರುವುದು ಎನ್‌ಕ್ರಿಪ್ಷನ್ನಿನ ಹಂಗೇ ಇಲ್ಲದ ಒಂದು ಫೈಲು. ನಮ್ಮ ತಂದೆ ಹಿಂದೊಮ್ಮೆ ಜೆರಾಕ್ಸ್ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ನಮ್ಮ ವಂಶಾವಳಿ ಅದು. ಯೂನಿಕೋಡ್ ಊರೂರಿಗೆ ಬರುವ ಮುಂಚಿನ ಮಾತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ನಕಾರ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ. ನನ್ನ ಮುತ್ತಜ್ಜ ನಂಜುಂಡಯ್ಯ ಪೌಂಡಿನಿಂದ ಶುರುವಾಗುತ್ತಾರೆ, ಬದುಕಿದ್ದಾಗ ರೂಪಾಯಿಯನ್ನೇ ಸರಿಯಾಗಿ ಕಾಣದವರು. ಯಾವ ದೇಶದ ಗೂಢಚಾರನೂ ಇದನ್ನು ಬಿಡಿಸಲಾರ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಇವೆ, ಬದಲಿಸಲೂಬಹುದು. ಇಷ್ಟು ಭದ್ರವಾಗಿದ್ದದ್ದನ್ನು ಸಡಿಲಿಸಲು ಮನಸ್ಸು ಬರುತ್ತಿಲ್ಲ.

ನಮ್ಮ ಮಾವನವರ ಭದ್ರತಾ ವ್ಯವಸ್ಥೆ ಬೇರೆ. ಅವರ ಪಾಸ್‌ವರ್ಡುಗಳೆಲ್ಲ ಪಂಚಾಂಗದ ಕೊನೇ ಪುಟದಲ್ಲಿ, ನೀಲಿ ಇಂಕಿನಲ್ಲಿ ಇರುತ್ತವೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಹೊಸದಕ್ಕೆ ಇಳಿಸಿಕೊಳ್ಳುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ. ನನ್ನ ಮಟ್ಟಿಗೆ ನಮ್ಮ ಕುಟುಂಬದಲ್ಲೇ ಬುದ್ಧಿವಂತ ಪದ್ಧತಿ ಇದು. ಪರದೇಶದಲ್ಲಿ ಕೂತ ಹ್ಯಾಕರ್ ಮೈಸೂರಿನ ಗೋಡೆಯ ಮೊಳೆಯಲ್ಲಿ ತೂಗುವ ಪಂಚಾಂಗವನ್ನು ಮಗುಚಿ ನೋಡಲಾರ. ಅದಕ್ಕೆ ಹೋಲಿಸಿದರೆ ಕಚೇರಿಗಳು ನಮ್ಮಿಂದ ತಿಂಗಳು ತಿಂಗಳೂ ಪಾಸ್‌ವರ್ಡ್ ಬದಲಿಸಿ ಕಟ್ಟಿಸಿದ ಭದ್ರತೆ ಬರೀ ಶಾಸ್ತ್ರ. ದೊಡ್ಡಕ್ಷರ ಬೇಕು, ಅಂಕೆ ಬೇಕು, ಚಿಹ್ನೆ ಬೇಕು, ಆಗಾಗ ಬದಲಿಸಬೇಕು ಎಂಬ ವಿಧಿಗೆ ಮೂಲ 2003ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗಾಗಿ ಬಿಲ್ ಬರ್ ಬರೆದ ದಸ್ತಾವೇಜು. ನಿವೃತ್ತರಾದ ಮೇಲೆ, 2017ರಲ್ಲಿ, ಅದರಲ್ಲಿ ಬಹಳಷ್ಟು ಬರೆಯಬಾರದಿತ್ತೆಂದು ಅವರೇ ಪತ್ರಿಕೆಯವರೆದುರು ಹಳಹಳಿಸಿದರು. ಅದೇ ವರ್ಷ ಆ ಸಂಸ್ಥೆಯೂ ಸುಮ್ಮಸುಮ್ಮನೆ ಬದಲಿಸಿ ಅನ್ನಬೇಡಿ ಎಂದು ಹೊಸ ನಿಯಮ ಬರೆಯಿತು. ಸುದ್ದಿ ಎಷ್ಟೋ ಕಚೇರಿಗಳನ್ನು ಇನ್ನೂ ತಲುಪಿಲ್ಲ. ಅಲ್ಲೆಲ್ಲ ತಿಂಗಳ ಹೆಸರಿನ ಮುಂದೆ ಒಂದು ಅಟ್ ಚಿಹ್ನೆ, ಮುಂದೆ ಒಂದು ಎರಡು ಮೂರು.

ಇಷ್ಟೆಲ್ಲ ಕೋಟೆ ಕೊತ್ತಲ ಕಟ್ಟಿಕೊಂಡವನು ಒಂದು ಸಂಜೆ ಬನಿಯನ್ ಕೊಳ್ಳಲು ಅಂಗಡಿಗೆ ಹೋಗುತ್ತಾನೆ ಅನ್ನಿ. ಕೌಂಟರಿನ ಹುಡುಗ ತಲೆ ಎತ್ತದೆ, “ನಂಬರ್ ಹೇಳಿ ಸಾರ್” ಎನ್ನುತ್ತಾನೆ. ಹಿಂದೆ ಏಳೆಂಟು ಜನರ ಸಾಲು. ನಾವು ಹೇಳುತ್ತೇವೆ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ, ಒಂದೊಂದೇ ಅಂಕೆ ಬಿಡಿಸಿ. ನೈನ್ ಏಯ್ಟ್ ಫೋರ್ ಫೈವ್ ಜೀರೋ ಎಂದು ಶುರುವಾಗುವ ನಂಬರಿನವರಂತೂ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತಾರೆ. ಬೆಂಗಳೂರಿಗೆ ಮೊಬೈಲು ಬಂದ ಹೊಸತರಲ್ಲೇ ತಗೊಂಡವರು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ. ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎನ್ನುವಂತಿಲ್ಲ ಎಂದು 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನಾನು ಇದನ್ನು ಒಬ್ಬ ಹುಡುಗನಿಗೆ ವಿವರಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, “ಸಿಸ್ಟಮ್ ತಗೊಳಲ್ಲ ಸಾರ್, ನಂದೇ ನಂಬರ್ ಹಾಕ್ತೀನಿ ಬಿಡಿ” ಎಂದ. ಆ ಅಂಗಡಿಯ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಅತಿ ಹೆಚ್ಚು ಬನಿಯನ್ ತೊಡುವವನು ಆ ಹುಡುಗನೇ ಇರಬೇಕು.

ಅವನ ಮೇಲೆ ಭಾರ ಹಾಕಲು ಮನಸ್ಸಾಗದೆ ಒಂದು ಉಪಾಯ ಮಾಡಿದೆ. ಅಂಗಡಿ, ಪಾರ್ಕಿಂಗು, ಅಪಾರ್ಟ್‌ಮೆಂಟಿನ ಗೇಟಿನ ರಿಜಿಸ್ಟರು ಇವುಗಳಿಗೆಂದೇ ಎರಡನೇ ಸಿಮ್ ತಗೊಂಡೆ. ಕಸ ಬೀಳುವುದಿದ್ದರೆ ಅದರಲ್ಲಿ ಬೀಳಲಿ ಅಂತ. ಹಾಕಿದ ದಿನವೇ ಫೋನ್ ಬಂತು.

“ಹೋಯ್, ಬೆಟ್ಟೆ ರೇಟ್ ಎಷ್ಟಾತು ಮಾರಾಯ್ರೆ?”

ರಾಂಗ್ ನಂಬರ್ ಎಂದೆ. ನಂಬಲಿಲ್ಲ. ರೇಟ್ ಬಿದ್ದಿರಬೇಕು, ಅದಕ್ಕೇ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು ಬೇಜಾರಿನಲ್ಲಿ ಇಟ್ಟರು. ನಮ್ಮಲ್ಲಿ ಬಿಟ್ಟ ನಂಬರುಗಳು ಸಾಯುವುದಿಲ್ಲ. ಬಳಕೆ ನಿಂತು ಕಡಿತವಾದ ನಂಬರು ಕನಿಷ್ಠ 90 ದಿನ ಸುಮ್ಮನಿದ್ದು, ಆಮೇಲೆ ಇನ್ನೊಬ್ಬರ ಪಾಲಾಗಬಹುದು. ನನ್ನ ಪಾಲಿಗೆ ಬಂದದ್ದು ಮಲೆನಾಡಿನ ಯಾರೋ ಅಡಿಕೆ ವ್ಯಾಪಾರಿಗಳು ಬಿಟ್ಟದ್ದು. ಅವರ ಪರಿಚಯದವರಿಗೆಲ್ಲ ನಾನು ಅವರೇ. ಮಳೆಗಾಲ ಬರುವ ಮುಂಚೆ ಮೈಲುತುತ್ತ ಬಂತಾ ಎಂದು ಕೇಳುತ್ತಾರೆ. ಔಷಧಿ ಹೊಡೆಯಲು ಜನ ಕಳಿಸಿ ಎನ್ನುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆ. ಈಗ ಸರ್ಕಾರದ ಮಾರುಕಟ್ಟೆ ಜಾಲತಾಣದಲ್ಲಿ ಶಿವಮೊಗ್ಗದ ಧಾರಣೆ ನೋಡಿ ಹೇಳಿಬಿಡುತ್ತೇನೆ, ಅದೇ ಬೇಗ ಮುಗಿಯುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ದರ್ಜೆಗಳ ಏರಿಳಿತ ನನಗೀಗ ಬಾಯಿಪಾಠ. ಒಬ್ಬ ಹಿರಿಯರಂತೂ, ನೀವು ಈಚೆಗೆ ಮೊದಲಿನ ಹಾಗಲ್ಲ, ರೇಟ್ ಸರಿಯಾಗಿ ಹೇಳ್ತೀರಿ ಎಂದು ಹೊಗಳಿದರು.

ನಗುವ ಮಾತು ಇಷ್ಟೇ. ಫೋನಿಗಿಂತ ಹೆಚ್ಚಾಗಿ ಬರುವುದು ಎಸ್‌ಎಂಎಸ್. ಸೊಸೈಟಿಯ ಸಾಲದ ಕಂತು ಬಾಕಿ ಇದೆ. ಮಗಳ ಶಾಲೆಯ ಬಸ್ಸು ಇವತ್ತು ತಡ. ರಕ್ತಪರೀಕ್ಷೆಯ ವರದಿ ತಯಾರಿದೆ, ಈ ಲಿಂಕ್ ಒತ್ತಿ. ನಾನು ಒತ್ತಿಲ್ಲ. ಆದರೆ ಅಡ್ಡ ಬಂದು ತಡೆಯುವವರು ಯಾರೂ ಇಲ್ಲ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬಲ್ಲಿ ಈ ನಂಬರ್ ಹಾಕಿದರೆ ಓಟಿಪಿ ನನ್ನ ಕೈಗೇ ಬರುತ್ತದೆ. ಇಷ್ಟು ದಿನ ಯಾರೋ ನನ್ನನ್ನು ಇಣುಕಿ ನೋಡುತ್ತಾರೆಂದು ರಾಸ್ಪ್‌ಬೆರಿ ಪೈ ಕಾವಲಿಟ್ಟವನು ನಾನು. ಇಣುಕಲು ಬಯಸದೆ, ಕೂತಲ್ಲಿಂದಲೇ ಒಂದು ಸಂಸಾರದ ಸಾಲ, ಕಾಯಿಲೆ, ಮಗಳು ಮನೆ ಮುಟ್ಟುವ ಹೊತ್ತು ಎಲ್ಲ ತಿಳಿದುಕೊಂಡೆ. ಹೋಗಲಿ, ಅವರಿಗೊಂದು ಮಾತು ತಿಳಿಸೋಣವೆಂದರೆ ದಾರಿಯಿಲ್ಲ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಒಂದೇ, ಅವರ ಈಗಿನ ಫೋನ್ ನಂಬರು. ಸೊಸೈಟಿಗೆ, ಶಾಲೆಗೆ ಫೋನ್ ಮಾಡಿ ಹೇಳಿದೆ. “ಆಯ್ತು ಸಾರ್, ಅಪ್‌ಡೇಟ್ ಮಾಡ್ತೀವಿ, ನಿಮ್ಮ ಓಟಿಪಿ ಹೇಳಿ” ಎಂದರು.

ಬದುಕನ್ನೆಲ್ಲ ನಾವು ಹತ್ತು ಅಂಕೆಯ ಮೊಳೆಗೆ ನೇತುಹಾಕಿದ್ದೇವೆ, ಮೊಳೆ ನಮ್ಮದಲ್ಲ. ರೀಚಾರ್ಜ್ ಮಾಡುವ ತನಕ ಬಾಡಿಗೆಗೆ ಸಿಕ್ಕದ್ದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ ಅವರು ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಎಂಬತ್ತು ದಾಟಿದ ಬೆಂಗಳೂರಿನ ಹಿರಿಯರು ಉದ್ಯಾನದ ಬೆಂಚಿನಲ್ಲಿ ಕೂತು ಕಾಲವನ್ನು ಬೈಯುವುದು ವಾಡಿಕೆ. ಇವರು ಕೋರ್ಟಿಗೆ ಹೋದರು. ಅದೇ ಸುಪ್ರೀಂ ಕೋರ್ಟಿಗೆ 2023ರಲ್ಲಿ ಈ ಬಿಟ್ಟ ನಂಬರುಗಳ ಪ್ರಶ್ನೆಯೂ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 90 ದಿನದ ನಿಯಮ ತೋರಿಸಿತು. ಹಳೆಯ ನಂಬರಿನವರೇ ತಮ್ಮ ಜಾಗ್ರತೆ ತಾವು ನೋಡಿಕೊಳ್ಳಬೇಕು ಎಂದು ಕೋರ್ಟು ಹೇಳಿತು. 2023ರಲ್ಲೇ ಸಂಸತ್ತು ಒಪ್ಪಿದ ದತ್ತಾಂಶ ರಕ್ಷಣೆಯ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಅದೂ ಕಂತಿನಲ್ಲಿ ಜಾರಿಯಾಗುವಂತೆ. ಸದ್ಯಕ್ಕೆ ನಮ್ಮ ನಂಬರಿಗೆ ನಾವೇ ಕಾವಲುಗಾರರು.

ಆದ್ದರಿಂದ ಓದುಗರೇ, ಸಿಮ್ ಬಿಡುವುದಿದ್ದರೆ ಮೊದಲು ಬ್ಯಾಂಕು, ಆಧಾರ್, ಗ್ಯಾಸು, ಶಾಲೆ, ಆಸ್ಪತ್ರೆ ಎಲ್ಲ ಕಡೆ ಹೊಸ ನಂಬರ್ ಬರೆಸಿ, ಆಮೇಲೆ ಬಿಡಿ. ಅಡಿಕೆ ವ್ಯಾಪಾರಿಗಳೇ, ಇದು ನಿಮ್ಮ ಕಣ್ಣಿಗೆ ಬಿದ್ದರೆ ಇನ್ನೊಂದು ಮಾತು: ನಿಮ್ಮ ಪಿಕಪ್ ಗಾಡಿಯ ವಿಮೆ ಬರುವ ತಿಂಗಳಿಗೆ ಮುಗಿಯುತ್ತದೆ.